‘ಔಟರ್ ವೈಲ್ಡ್ಸ್’: ಕೆಲವರು ಹುಚ್ಚು ಹಿಡಿದು ಆಡುವ, ಕೆಲವರು ಅರ್ಧಕ್ಕೇ ಬಿಡುವ ಆಟ

ಮಡಿಕೇರಿಯಲ್ಲಿ ಕಂಪ್ಯೂಟರ್ ಗೇಮ್ ಆಡುವ ನಾಲ್ಕು ಜನ ಸೇರಿದ ಕಡೆ ‘ಔಟರ್ ವೈಲ್ಡ್ಸ್’ ಹೆಸರು ಎತ್ತಿ ನೋಡಿ. ಒಬ್ಬರು ‘ಇಂಥ ಆಟ ಇನ್ನೊಂದಿಲ್ಲ’ ಅನ್ನುತ್ತಾರೆ. ಪಕ್ಕದವರು ‘ಎರಡು ಗಂಟೆ ಆಡಿದೆ, ಏನು ಮಾಡಬೇಕು ಅಂತಲೇ ತಿಳಿಯಲಿಲ್ಲ, ಬಿಟ್ಟೆ’ ಅನ್ನುತ್ತಾರೆ. ಇಬ್ಬರ ಮಾತೂ ನಿಜ. ನನಗೆ ಈ ಆಟದ ಮೇಲೆ ತುಂಬಾ ಪ್ರೀತಿ. ಆದರೂ ಅರ್ಧಕ್ಕೆ ಬಿಟ್ಟವರ ದೂರು ಚೆನ್ನಾಗಿ ಅರ್ಥವಾಗುತ್ತದೆ. ಯಾಕಂದ್ರೆ ಇದರ ಸೊಗಸು ಎಲ್ಲಿಂದ ಬರುತ್ತದೋ, ಕಿರಿಕಿರಿಯೂ ಅಲ್ಲಿಂದಲೇ ಬರುತ್ತದೆ. ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಮುಖ್ಯ ಒಗಟುಗಳ ಉತ್ತರ ಇಲ್ಲಿ ಸಿಗುವುದಿಲ್ಲ, ಹಾಗಾಗಿ ಇನ್ನೂ ಆಡದವರೂ ಧೈರ್ಯವಾಗಿ ಓದಬಹುದು.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ‘ದಿ ಔಟರ್ ವರ್ಲ್ಡ್ಸ್’ ಎಂಬ ಬೇರೊಂದು ಆಟವೂ 2019ರಲ್ಲೇ ಬಂತು. ಅದು ಬಂದೂಕು ಹಿಡಿದು ಹೋರಾಡುವ ಆಟ. ಕೊಳ್ಳುವಾಗ ಎಷ್ಟೋ ಜನ ಎರಡನ್ನೂ ಅದಲುಬದಲು ಮಾಡಿಕೊಳ್ಳುತ್ತಾರೆ. ನಾನು ಹೇಳುತ್ತಿರುವ ‘ವೈಲ್ಡ್ಸ್’ ಹುಟ್ಟಿದ್ದು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಅಲೆಕ್ಸ್ ಬೀಚಮ್ ಎಂಬ ವಿದ್ಯಾರ್ಥಿಯ ಸ್ನಾತಕೋತ್ತರ ಪ್ರಾಜೆಕ್ಟ್ ಆಗಿ. ಆಟ ಇನ್ನೂ ಪೂರ್ತಿಯಾಗುವ ಮೊದಲೇ, 2015ರಲ್ಲಿ, ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಅತಿ ದೊಡ್ಡ ಬಹುಮಾನ ಅದಕ್ಕೆ ಸಿಕ್ಕಿತು. ಮೋಬಿಯಸ್ ಡಿಜಿಟಲ್ ಎಂಬ ಸಣ್ಣ ಸ್ಟುಡಿಯೋ ಅದನ್ನು ಬೆಳೆಸಿತು, ಅನ್ನಪೂರ್ಣ ಇಂಟರಾಕ್ಟಿವ್ ಹೊರತಂದಿತು. ಬಿಡುಗಡೆಯಾದದ್ದು 2019ರ ಮೇ ತಿಂಗಳಲ್ಲಿ. ಮರುವರ್ಷ ಬ್ರಿಟನ್‌ನ ಚಲನಚಿತ್ರ ಅಕಾಡೆಮಿ ಬಾಫ್ಟಾ ಕೊಡುವ ‘ಬೆಸ್ಟ್ ಗೇಮ್’ ಪ್ರಶಸ್ತಿಯೂ ಬಂತು.

ಈಗ ಆಟಕ್ಕೆ ಬರೋಣ. ಟಿಂಬರ್ ಹಾರ್ತ್ ಎಂಬ ಪುಟ್ಟ ಗ್ರಹದಲ್ಲಿ ಪೈನ್ ಮರಗಳ ನಡುವೆ ಒಂದು ಹಳ್ಳಿ. ಅಲ್ಲಿಯವರಿಗೆ ನಾಲ್ಕು ಕಣ್ಣು. ನೀವೂ ಅವರಲ್ಲೊಬ್ಬರು. ಬೆಂಕಿ ಹಾಕಿದ ಜಾಗದ ಪಕ್ಕ ಎಚ್ಚರಾಗುತ್ತದೆ. ಇವತ್ತು ನಿಮ್ಮ ಮೊದಲ ಬಾಹ್ಯಾಕಾಶ ಪ್ರಯಾಣ. ಊರವರ ಹತ್ತಿರ ಮಾತಾಡಿ, ನೌಕೆ ಹಾರಿಸಲು ಬೇಕಾದ ಲಾಂಚ್ ಕೋಡ್ ಪಡೆದು, ಮರದ ಹಲಗೆ ಜೋಡಿಸಿ ಮಾಡಿದ ಗಗನನೌಕೆ ಹತ್ತಿ ಹೊರಡುತ್ತೀರಿ. ಎಲ್ಲಿಗೆ ಬೇಕಾದರೂ ಹೋಗಬಹುದು. ಇಲ್ಲಿಗೇ ಹೋಗು ಅಂತ ಯಾರೂ ಹೇಳುವುದಿಲ್ಲ.

ಸುಮಾರು 22 ನಿಮಿಷ ಕಳೆಯುವಷ್ಟರಲ್ಲಿ ಸೂರ್ಯ ಸಿಡಿಯುತ್ತಾನೆ. ಎಲ್ಲ ಸುಟ್ಟುಹೋಗುತ್ತದೆ. ಮರುಕ್ಷಣ ಅದೇ ಬೆಂಕಿಯ ಪಕ್ಕ ಮತ್ತೆ ಕಣ್ಣು ಬಿಡುತ್ತೀರಿ. ಊರಿನಲ್ಲಿ ಯಾರಿಗೂ ಏನೂ ನೆನಪಿಲ್ಲ, ನಿಮಗೆ ಮಾತ್ರ ನೆನಪಿದೆ. ಹಿಂದಿನ ಸಲ ಕಂಡದ್ದೆಲ್ಲ ನೌಕೆಯ ದಾಖಲೆ ಪುಸ್ತಕದಲ್ಲೂ ಉಳಿದಿದೆ. ಸೂರ್ಯ ಯಾಕೆ ಸಿಡಿಯುತ್ತಿದ್ದಾನೆ? ನಾನು ಯಾಕೆ ವಾಪಸ್ ಬರುತ್ತಿದ್ದೇನೆ? ಈ ಸೌರಮಂಡಲದಲ್ಲಿ ಹಿಂದೆ ಬದುಕಿದ್ದ ನೊಮಾಯ್ ಎಂಬ ಜನ ಏನನ್ನು ಹುಡುಕುತ್ತಿದ್ದರು? ಇಡೀ ಆಟ ಈ ಮೂರು ಪ್ರಶ್ನೆಗಳ ಸುತ್ತ ಇದೆ.

ಹೆಚ್ಚಿನ ಆಟಗಳಲ್ಲಿ ಬಾಗಿಲು ತೆರೆಯಬೇಕಾದರೆ ಬೀಗದ ಕೈ ಹುಡುಕಬೇಕು, ಇಲ್ಲವೇ ಶಕ್ತಿ ಹೆಚ್ಚಿಸಿಕೊಳ್ಳಬೇಕು. ಇಲ್ಲಿ ಹಾಗಿಲ್ಲ. ಮೊದಲ ದಿನ ಕೈಗೆ ಬಂದ ನೌಕೆ, ಉಡುಪು, ಉಪಕರಣಗಳೇ ಕೊನೆಯವರೆಗೂ. ಅವು ಒಂದಿಷ್ಟೂ ಸುಧಾರಿಸುವುದಿಲ್ಲ. ಬದಲಾಗುವುದು ನಿಮಗೆ ಗೊತ್ತಿರುವ ಸಂಗತಿ ಮಾತ್ರ. ನಮ್ಮ ಕಡೆ ಮಂಜು ಕವಿದ ಬೆಳಗ್ಗೆ ಕಾಫಿ ತೋಟದೊಳಗೆ ಹೊಸಬರನ್ನು ಬಿಟ್ಟರೆ ಗೇಟು ಹುಡುಕುವಷ್ಟರಲ್ಲಿ ಸುಸ್ತಾಗುತ್ತಾರೆ. ಅದೇ ತೋಟದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಕಣ್ಣು ಮುಚ್ಚಿಕೊಂಡು ಒಳದಾರಿಯಲ್ಲಿ ದಾಟಿಬಿಡುತ್ತಾರೆ. ಇಬ್ಬರ ಕಾಲಲ್ಲೂ ಅದೇ ಗಂಬೂಟು. ಔಟರ್ ವೈಲ್ಡ್ಸ್‌ನಲ್ಲಿ ಮೊದಲ ಗಂಟೆಯ ಆಟಗಾರನಿಗೂ ಆಟ ಮುಗಿಸಿದವನಿಗೂ ಇರುವ ವ್ಯತ್ಯಾಸ ಇಷ್ಟೇ. ಎಲ್ಲ ಗೊತ್ತಿದ್ದರೆ ಆ 22 ನಿಮಿಷದೊಳಗೇ ಆಟದ ಕೊನೆ ಮುಟ್ಟಬಹುದು. ಗೊತ್ತಿಲ್ಲದವರಿಗೆ ಹತ್ತಿಪ್ಪತ್ತು ಗಂಟೆಯಾದರೂ ಬೇಕು.

ಇದು ಕೆಲಸ ಮಾಡುವ ಬಗೆಯನ್ನು ಹತ್ತಿರದಿಂದ ನೋಡಬೇಕಾದರೆ ಅವರ್‌ಗ್ಲಾಸ್ ಟ್ವಿನ್ಸ್‌ಗೆ ಹೋಗಬೇಕು. ಸೂರ್ಯನ ಹತ್ತಿರ ಒಂದನ್ನೊಂದು ಸುತ್ತುವ ಎರಡು ಗ್ರಹಗಳು. ಒಂದರ ಹೆಸರು ಆ್ಯಶ್ ಟ್ವಿನ್, ಇನ್ನೊಂದು ಎಂಬರ್ ಟ್ವಿನ್. ಶುರುವಿನಲ್ಲಿ ಆ್ಯಶ್ ಟ್ವಿನ್ ಪೂರ್ತಿ ಮರಳು. ಎಂಬರ್ ಟ್ವಿನ್‌ನಲ್ಲಿ ಆಳವಾದ ಕಣಿವೆ, ಗುಹೆ, ಗುಹೆಯೊಳಗೆ ನೊಮಾಯ್ ಜನ ಕಟ್ಟಿದ ಊರು. ನಿಮಿಷ ಕಳೆದಂತೆ ಆ್ಯಶ್ ಟ್ವಿನ್‌ನ ಮರಳು ದೊಡ್ಡ ಕಂಬದಂತೆ ಮೇಲೆದ್ದು ಎಂಬರ್ ಟ್ವಿನ್‌ಗೆ ಸುರಿಯುತ್ತದೆ. ಇತ್ತ ಗುಹೆಗಳು ತುಂಬುತ್ತಾ ಬರುತ್ತವೆ. ಅತ್ತ ಹೂತುಹೋಗಿದ್ದ ಗೋಪುರಗಳು ಒಂದೊಂದಾಗಿ ತಲೆ ಎತ್ತುತ್ತವೆ.

ಮೊದಲ ಸಲ ಹೋದವರು ಗುಹೆಯೊಳಗೆ ಗೋಡೆ ಬರಹ ಓದುತ್ತಾ ನಿಂತಿರುತ್ತಾರೆ. ಕಾಲಡಿಯ ಮರಳು ಸದ್ದಿಲ್ಲದೆ ಏರುತ್ತಿರುತ್ತದೆ. ತಿರುಗಿ ನೋಡಿದರೆ ಬಂದ ದಾರಿ ಮುಚ್ಚಿದೆ. ತಲೆ ಚಾವಣಿಗೆ ತಾಗುತ್ತದೆ, ಆಟ ಮುಗಿಯಿತು. ಆದರೆ ಆ ಸಾವಿನಿಂದ ಒಂದು ವಿಷಯ ತಿಳಿಯಿತು ಅಲ್ವಾ? ಈ ಗ್ರಹಕ್ಕೆ ಬೇಗ ಬರಬೇಕು, ಪಕ್ಕದ್ದಕ್ಕೆ ತಡವಾಗಿ ಹೋಗಬೇಕು. ಯಾರೂ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಮರಳೇ ಹೇಳಿತು. ಈ ಆಟದಲ್ಲಿ ಪಾಠ ಅಂತ ಬೇರೆ ಇಲ್ಲ, ಜಾಗವೇ ಪಾಠ ಮಾಡುತ್ತದೆ.

ಉಳಿದ ಗ್ರಹಗಳೂ ಹೀಗೇ ತಮ್ಮ ಪಾಡಿಗೆ ಬದಲಾಗುತ್ತಿರುತ್ತವೆ. ಬ್ರಿಟಲ್ ಹಾಲೋ ಒಳಗೆ ಪೊಳ್ಳು, ನಡುವೆ ಎಲ್ಲವನ್ನೂ ಒಳಗೆಳೆಯುವ ಕಪ್ಪುಕುಳಿ (ಬ್ಲ್ಯಾಕ್ ಹೋಲ್). ಅದನ್ನು ಸುತ್ತುವ ಜ್ವಾಲಾಮುಖಿ ಚಂದ್ರ ಬೆಂಕಿಯುಂಡೆ ಉಗುಳುತ್ತಾ ನೆಲವನ್ನು ತುಂಡು ತುಂಡಾಗಿ ಕೆಡವುತ್ತದೆ. ಜೈಂಟ್ಸ್ ಡೀಪ್ ಪೂರ್ತಿ ಸಮುದ್ರ. ಅಲ್ಲಿನ ಸುಂಟರಗಾಳಿ ದ್ವೀಪಗಳನ್ನೇ ಎತ್ತಿ ಆಕಾಶಕ್ಕೆ ಎಸೆದು ಮತ್ತೆ ನೀರಿಗೆ ಬೀಳಿಸುತ್ತದೆ. ನೀವು ಇರಲಿ ಬಿಡಲಿ, ಗಡಿಯಾರ ಓಡುತ್ತಲೇ ಇರುತ್ತದೆ. ಒಂದು ಜಾಗಕ್ಕೆ ‘ಎಲ್ಲಿ’ ಎಂಬುದರ ಜೊತೆ ‘ಯಾವಾಗ’ ಎಂಬುದೂ ಅಷ್ಟೇ ಮುಖ್ಯ.

ವಿಜ್ಞಾನದ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿನ ವಿಜ್ಞಾನದಲ್ಲಿ ನಿಜವೂ ಇದೆ, ಕಲ್ಪನೆಯೂ ಇದೆ, ಯಾವುದು ಯಾವುದು ಅಂತ ತಿಳಿದರೆ ಆಟದ ರುಚಿ ಜಾಸ್ತಿ. ನೌಕೆಯ ಚಲನೆ ಹೆಚ್ಚುಕಮ್ಮಿ ನಿಜ. ಬಾಹ್ಯಾಕಾಶದಲ್ಲಿ ಗಾಳಿಯ ತಡೆ ಇಲ್ಲ, ಹಾಗಾಗಿ ಎಂಜಿನ್ ನಿಲ್ಲಿಸಿದರೂ ನೌಕೆ ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ನಿಲ್ಲಿಸಬೇಕಾದರೆ ಹೋಗುವ ದಿಕ್ಕಿಗೆ ಎದುರಾಗಿ ಅಷ್ಟೇ ಹೊತ್ತು ಎಂಜಿನ್ ಉರಿಸಬೇಕು. ಅಂದ್ರೆ ಅರ್ಧ ದಾರಿ ವೇಗ ಹೆಚ್ಚಿಸುವುದು, ಉಳಿದರ್ಧ ಕಡಿಮೆ ಮಾಡುವುದು. ಹೊಸಬರು ಗ್ರಹಕ್ಕೆ ಹೋಗಿ ಗುದ್ದುವುದು ಇದು ತಲೆಗೆ ಹೋಗದೆ ಇದ್ದಾಗ.

ಸೂರ್ಯ ಸಿಡಿಯುವುದು ಮಾತ್ರ ನಮ್ಮ ಸೂರ್ಯನಿಗೆ ಹೊಂದುವ ಸಂಗತಿ ಅಲ್ಲ. ಆ ಬಗೆಯಲ್ಲಿ ಕುಸಿದು ಸಿಡಿಯಲು ನಕ್ಷತ್ರಕ್ಕೆ ನಮ್ಮ ಸೂರ್ಯನ ಸುಮಾರು 8 ಪಟ್ಟು ತೂಕವಾದರೂ ಇರಬೇಕು. ನಮ್ಮ ಸೂರ್ಯ ಸುಮಾರು 500 ಕೋಟಿ ವರ್ಷದ ನಂತರ ಉಬ್ಬಿ ಕೆಂಪಾಗಿ, ಕೊನೆಗೆ ಹೊರಪದರ ಕಳಚಿಕೊಂಡು ತಣ್ಣಗಾಗುತ್ತಾನೆ. ಕಪ್ಪುಕುಳಿಗೆ ಬಿದ್ದವರು, ಅದಕ್ಕೆ ತದ್ವಿರುದ್ಧವಾಗಿ ಎಲ್ಲವನ್ನೂ ಹೊರಗೆ ಉಗುಳುವ ಬಿಳಿಕುಳಿಯಿಂದ ಹೊರಬರುವುದೂ ಆಟದಲ್ಲಿದೆ. ಕಪ್ಪುಕುಳಿ ಇರುವುದು ನಿಜ. ಬಿಳಿಕುಳಿ ಸಾಪೇಕ್ಷ ಸಿದ್ಧಾಂತದ ಲೆಕ್ಕದಲ್ಲಿ ಬರುತ್ತದೆ, ಆಕಾಶದಲ್ಲಿ ಯಾರೂ ಕಂಡಿಲ್ಲ.

ಇನ್ನು ಕ್ವಾಂಟಮ್ ಕಲ್ಲು. ಇದನ್ನು ನಾನು ಮತ್ತೊಬ್ಬರ ಕಣ್ಣಲ್ಲಿ ನೋಡಿದ್ದು ಗೋಣಿಕೊಪ್ಪಲಿನ ಹತ್ತಿರ, ಅಣ್ಣನ ತೋಟದ ಮನೆಯಲ್ಲಿ. ಕಕ್ಕಡದ ಮಳೆ ಹಿಡಿದರೆ ಅಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಈ ಆಟಕ್ಕೆ ಒಮ್ಮೆ ಇಳಿಸಿಕೊಂಡ ಮೇಲೆ ನೆಟ್ ಬೇಡ, ಹಾಗಾಗಿ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿದ್ದೆ. ಪಿಯುಸಿ ಓದುವ ಅಣ್ಣನ ಮಗಳು ಆಡಲು ಕೂತಳು. ಶುರುವಿನ ಹಳ್ಳಿಯಲ್ಲಿ ಒಂದು ವಸ್ತುಸಂಗ್ರಹಾಲಯ ಇದೆ. ಅಲ್ಲೊಂದು ಕಲ್ಲಿನ ಚೂರು ಇಟ್ಟಿದ್ದಾರೆ. ಅವಳು ಅದನ್ನು ನೋಡಿ, ಪಕ್ಕದ ಫಲಕ ಓದಿ, ಮತ್ತೆ ತಿರುಗಿದಳು. ಕಲ್ಲು ಬೇರೆ ಕಡೆ ಇತ್ತು.

‘ಚಿಕ್ಕಪ್ಪ, ಈ ಕಲ್ಲು ಇಲ್ಲಿತ್ತಲ್ವಾ?’

ನಾನು ಸುಮ್ನೆ ಇದ್ದೆ. ಅವಳು ಮತ್ತೆ ಮುಖ ತಿರುಗಿಸಿ ನೋಡಿದಳು, ಮತ್ತೆ ಜಾಗ ಬದಲು. ಕಣ್ಣು ಕೀಳದೆ ನೋಡುತ್ತಾ ಹಿಂದೆ ಹಿಂದೆ ನಡೆದಳು, ಕಲ್ಲು ಅಲ್ಲಾಡಲಿಲ್ಲ. ‘ನೋಡ್ತಾ ಇದ್ರೆ ಅಲ್ಲೇ ಇರುತ್ತೆ, ನೋಡದೆ ಇದ್ರೆ ಹೋಗುತ್ತೆ’ ಅಂದಳು. ಪುಸ್ತಕ ತೆಗೆದು ಬರೆದುಕೊಂಡಳು. ಮುಂದೆ ಈ ಒಂದೇ ನಿಯಮದ ಮೇಲೆ ದೊಡ್ಡ ದೊಡ್ಡ ಒಗಟು ನಿಂತಿವೆ.

ನಿಜದ ಭೌತವಿಜ್ಞಾನದಲ್ಲಿ ಇದು ಎಲೆಕ್ಟ್ರಾನ್‌ನಂಥ ಅತಿ ಸಣ್ಣ ಕಣಗಳ ವಿಚಾರ. ಅಳತೆ ಮಾಡುವ ತನಕ ಕಣ ಇಂಥ ಕಡೆಯೇ ಇದೆ ಅಂತ ಹೇಳಲು ಬರುವುದಿಲ್ಲ, ಎಲ್ಲೆಲ್ಲಿ ಸಿಗುವ ಸಾಧ್ಯತೆ ಎಷ್ಟೆಷ್ಟು ಅಂತ ಮಾತ್ರ ಹೇಳಬಹುದು. ‘ನೋಡುವುದು’ ಅಂದ್ರೆ ಅಲ್ಲಿ ಮನುಷ್ಯರ ಕಣ್ಣೇ ಆಗಬೇಕಿಲ್ಲ, ಅಳೆಯುವ ಯಾವ ಉಪಕರಣವಾದರೂ ಆದೀತು. ಕಲ್ಲುಬಂಡೆ ಹೀಗೆ ಮಾಯವಾಗುವುದಿಲ್ಲ. ಆಟ ಕಣದ ನಿಯಮವನ್ನು ಬಂಡೆಯ ಗಾತ್ರಕ್ಕೆ ಹಿಗ್ಗಿಸಿದೆ. ಹಿಗ್ಗಿಸಿದ ಮೇಲೆ ಆ ನಿಯಮಕ್ಕೆ ಎಲ್ಲೂ ಮೋಸ ಮಾಡಿಲ್ಲ ಎಂಬುದು ನನಗೆ ಮೆಚ್ಚುಗೆ.

ಕಂಪ್ಯೂಟರ್ ಒಳಗಿನ ಒಂದು ಸಂಗತಿಯೂ ಇದೆ. ಗ್ರಹಗಳೆಲ್ಲ ನಿಜವಾಗಿ ಚಲಿಸುವ ದೊಡ್ಡ ಲೋಕ ಕಟ್ಟಿದಾಗ, ನಡುಬಿಂದುವಿನಿಂದ ದೂರ ಹೋದಷ್ಟೂ ಕಂಪ್ಯೂಟರಿನ ಅಂಕಿಗಳ ನಿಖರತೆ ಕಡಿಮೆಯಾಗಿ ಚಿತ್ರ ನಡುಗಲು ಶುರುವಾಗುತ್ತದೆ. ಅದಕ್ಕೆ ಇವರು ಆಟಗಾರನನ್ನೇ ನಡುಬಿಂದುವಿನಲ್ಲಿ ನಿಲ್ಲಿಸಿ, ಉಳಿದ ಸೌರಮಂಡಲವನ್ನು ಅವನ ಸುತ್ತ ಸರಿಸುತ್ತಾರೆ. ನೀವು ಹಾರುತ್ತಿದ್ದೀರಿ ಅಂದುಕೊಂಡಾಗ ನಿಜವಾಗಿ ಲೋಕವೇ ನಿಮ್ಮ ಕಡೆಗೆ ಬರುತ್ತಿರುತ್ತದೆ.

ಸಂಗೀತ ಆ್ಯಂಡ್ರ್ಯೂ ಪ್ರಾಲೋ ಅವರದು. ನಿಮಗಿಂತ ಮೊದಲು ಹೊರಟ ಪ್ರಯಾಣಿಕರು ಒಬ್ಬೊಬ್ಬರು ಒಂದೊಂದು ಕಡೆ ಕೂತು ಒಂದೊಂದು ವಾದ್ಯ ನುಡಿಸುತ್ತಿರುತ್ತಾರೆ. ಒಬ್ಬರದು ಬ್ಯಾಂಜೊ, ಒಬ್ಬರದು ಡ್ರಮ್, ಕೊಳಲು, ಹಾರ್ಮೋನಿಕಾ, ಇನ್ನೊಬ್ಬರದು ಬರೀ ಸಿಳ್ಳೆ. ಕೈಯಲ್ಲಿ ಸಿಗ್ನಲ್‌ಸ್ಕೋಪ್ ಎಂಬ ದೂರದ ದನಿ ಹಿಡಿಯುವ ಉಪಕರಣ ಇದೆ. ಸೌರಮಂಡಲದ ಅಂಚಿಗೆ ಹೋಗಿ ಅದನ್ನು ಒಳಮುಖ ತಿರುಗಿಸಿದರೆ ಬಿಡಿಬಿಡಿಯಾಗಿ ಕೇಳುತ್ತಿದ್ದ ವಾದ್ಯಗಳೆಲ್ಲ ಸೇರಿ ಒಂದೇ ಹಾಡಾಗುತ್ತವೆ. ಇದರಿಂದ ಯಾವ ಅಂಕವೂ ಸಿಗುವುದಿಲ್ಲ. ಆದರೂ ಒಮ್ಮೆ ಕೇಳಿದವರು ಬೇಕೆಂದೇ ಅಲ್ಲಿಗೆ ಹೋಗಿ ಮತ್ತೆ ಕೇಳುತ್ತಾರೆ.

ಸೊಗಸು ಇಷ್ಟಿದ್ದರೂ ದೋಷಗಳು ಸಣ್ಣವಲ್ಲ.

ನನ್ನ ಲೆಕ್ಕದಲ್ಲಿ ದೊಡ್ಡ ದೋಷ ಇದು: ತಿಳಿದರೆ ಸಾಕು ಅಂತ ಆಟ ಮಾತು ಕೊಡುತ್ತದೆ, ಆದರೆ ಎಲ್ಲ ಕಡೆ ಆ ಮಾತು ಉಳಿಸಿಕೊಳ್ಳುವುದಿಲ್ಲ. ಕೆಲವು ಜಾಗದಲ್ಲಿ ಉತ್ತರ ಗೊತ್ತಿರುತ್ತದೆ, ಕೈ ಕೇಳುವುದಿಲ್ಲ. ಸೂರ್ಯನಿಗೆ ತೀರಾ ಹತ್ತಿರ ಗಿರಗಿರ ಸುತ್ತುವ ಒಂದು ನಿಲ್ದಾಣವಿದೆ. ನೌಕೆ ಓಡಿಸಿಕೊಂಡು ಹೋಗಿ ಅದಕ್ಕೆ ಹತ್ತಬೇಕು ಅಂತ ಎಷ್ಟೋ ಜನ ಸಂಜೆಯೆಲ್ಲ ಒದ್ದಾಡುತ್ತಾರೆ. ಡಾರ್ಕ್ ಬ್ರ್ಯಾಂಬಲ್ ಎಂಬ ಮಂಜು ತುಂಬಿದ ಮುಳ್ಳುಬಳ್ಳಿಯ ಲೋಕದಲ್ಲಿ ನೌಕೆಯನ್ನೇ ನುಂಗುವ ಮೀನುಗಳಿವೆ. ಅವುಗಳನ್ನು ದಾಟುವ ಉಪಾಯ ತಿಳಿದ ಮೇಲೂ ಒಂದು ಬಟನ್ ಹೆಚ್ಚು ಒತ್ತಿದರೆ ಮುಗಿಯಿತು. ಆಮೇಲೆ ಮತ್ತೆ ಹಳ್ಳಿ, ಮತ್ತೆ ನೌಕೆಗೆ ಹತ್ತುವ ಲಿಫ್ಟ್, ಮತ್ತೆ ಹಾರಾಟ. ತಲೆಗೆ ಸವಾಲು ಹಾಕುವ ಆಟ ಅಂತ ಬಂದವರಿಗೆ ಇಲ್ಲಿ ಬೆರಳಿನ ಪರೀಕ್ಷೆ. ಅವರು ಸಿಟ್ಟಾಗುವುದು ನ್ಯಾಯವೇ.

ನೌಕೆಯನ್ನು ತಾನಾಗಿ ಓಡಿಸುವ ಆಟೋಪೈಲಟ್ ಕೂಡ ಪೂರ್ತಿ ನಂಬುವಂಥದ್ದಲ್ಲ. ಗುರಿ ತೋರಿಸಿದರೆ ನೇರ ಗೆರೆಯಲ್ಲಿ ಹೊರಡುತ್ತದೆ. ನಡುವೆ ಸೂರ್ಯ ಅಡ್ಡ ಬಂದರೆ ತಪ್ಪಿಸಿಕೊಳ್ಳುವುದಿಲ್ಲ. ಇದನ್ನು ಹಾಸ್ಯ ಅಂತ ಇಷ್ಟಪಡುವವರಿದ್ದಾರೆ. ನನಗೆ ಇದು ಸರಿಪಡಿಸಬೇಕಿದ್ದ ಕೊರತೆ ಅಂತಲೇ ಅನ್ನಿಸುತ್ತದೆ.

ಎರಡನೆಯದು ಕಾಯುವುದು. ‘ಯಾವಾಗ’ ಎಂಬುದನ್ನು ಒಗಟಾಗಿ ಮಾಡಿದ ಮೇಲೆ ಕೆಲವು ಕಡೆ ಮರಳು ಇಳಿಯುವ ತನಕ ಸುಮ್ನೆ ನಿಲ್ಲಬೇಕಾಗುತ್ತದೆ. ಬೆಂಕಿಯ ಪಕ್ಕ ಮಲಗಿ ಸಮಯ ಓಡಿಸಬಹುದು. ಒಬ್ಬ ಪ್ರಯಾಣಿಕನ ಜೊತೆ ಮಾತಾಡಿದರೆ ಧ್ಯಾನ ಕಲಿಸುತ್ತಾನೆ, ಅದರಿಂದ ಆ 22 ನಿಮಿಷದ ಸುತ್ತನ್ನು ಅಲ್ಲಿಗೇ ಮುಗಿಸಿ ಹೊಸದು ಶುರು ಮಾಡಬಹುದು. ಆದರೆ ಅವನನ್ನು ಭೇಟಿಯಾಗದೆ ಎಷ್ಟೋ ದೂರ ಹೋಗಿಬಿಡುವವರು ಇದ್ದಾರೆ. ಇಂಥ ಅನುಕೂಲ ಎಲ್ಲರ ಕೈಗೂ ಮೊದಲೇ ಸಿಗಬೇಕಿತ್ತು. ಇನ್ನೊಂದು ವಿಷಯ: ಸುತ್ತಿನ ನಡುವೆ ಆಟ ನಿಲ್ಲಿಸಿದರೆ ಮುಂದಿನ ಸಲ ಅದೇ ಜಾಗದಿಂದ ಶುರುವಾಗುವುದಿಲ್ಲ, ಹಳ್ಳಿಯಿಂದಲೇ ಹೊರಡಬೇಕು. ತಿಳಿದ ಸಂಗತಿಗಳು ದಾಖಲೆಯಲ್ಲಿ ಉಳಿದಿರುತ್ತವೆ.

ಮೂರನೆಯದು ದಿಕ್ಕು ತಪ್ಪುವುದು. ದಾಖಲೆ ಪುಸ್ತಕ ಚೆನ್ನಾಗಿ ಮಾಡಿದ್ದಾರೆ. ಕಂಡ ಸಂಗತಿಗಳು ಚೀಟಿಗಳಾಗಿ ಒಂದಕ್ಕೊಂದು ಗೆರೆಯಿಂದ ಕೂಡಿಕೊಳ್ಳುತ್ತವೆ. ‘ಇಲ್ಲಿ ನೋಡುವುದು ಇನ್ನೂ ಇದೆ’ ಅಂತ ಗುರುತೂ ಬರುತ್ತದೆ. ಆದರೆ ‘ಹೇಗೆ’ ಅಂತ ಅದು ಹೇಳುವುದಿಲ್ಲ. ಒಂದು ಸಣ್ಣ ಬರಹ ಕಣ್ಣಿಗೆ ಬೀಳದೆ ಹೋದರೆ ಅದೇ ಕೋಣೆಯಲ್ಲಿ ಗಂಟೆಗಟ್ಟಲೆ ಸುತ್ತಬೇಕು. ಆಗ ಕೈ ತಾನಾಗಿ ಫೋನಿಗೆ ಹೋಗುತ್ತದೆ, ಉತ್ತರ ಹುಡುಕಲು. ಬೇರೆ ಆಟದಲ್ಲಿ ಅದರಿಂದ ನಷ್ಟ ಕಡಿಮೆ. ಇಲ್ಲಿ ಉತ್ತರವೇ ಆಟ. ಒಮ್ಮೆ ಓದಿಬಿಟ್ಟರೆ ಆ ಒಗಟು ನಿಮ್ಮ ಪಾಲಿಗೆ ಮುಗಿದಂತೆ. ಇದೇ ಕಾರಣಕ್ಕೆ ಪೂರ್ತಿ ಆಡಿದವರಿಗೆ ಎರಡನೇ ಸಲ ಆಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಮತ್ತೊಬ್ಬರು ಆಡುವುದನ್ನು ನೋಡುವುದೇ ಉಳಿದ ಸಂತೋಷ. ಅವತ್ತು ನನ್ನ ಬಾಯಿ ತೆರೆದದ್ದು ಕಂಡು ಅಣ್ಣನ ಮಗಳು, ‘ಹೇಳ್ಬೇಡಿ ಚಿಕ್ಕಪ್ಪ, ನಾನೇ ನೋಡ್ತೀನಿ’ ಅಂದಳು. ಅವಳು ಹೇಳಿದ್ದು ಸರಿ.

ನಮ್ಮವರಿಗೆ ಇನ್ನೊಂದು ತೊಡಕು ಭಾಷೆ. ನೊಮಾಯ್ ಜನರ ಬರಹ ಗೋಡೆಯ ಮೇಲೆ ಸುರುಳಿ ಸುರುಳಿಯಾಗಿ ಇರುತ್ತದೆ. ಒಬ್ಬರ ಮಾತಿನ ಸುರುಳಿಯಿಂದ ಇನ್ನೊಬ್ಬರ ಉತ್ತರ ಕವಲೊಡೆಯುತ್ತದೆ. ಅನುವಾದಕ ಯಂತ್ರ ಹಿಡಿದರೆ ಇಂಗ್ಲಿಷ್‌ನಲ್ಲಿ ಮೂಡುತ್ತದೆ. ರಷ್ಯನ್, ಜಪಾನೀಸ್, ಕೊರಿಯನ್ ಎಲ್ಲ ಇದೆ, ಕನ್ನಡ ಇಲ್ಲ, ಹಿಂದಿಯೂ ಇಲ್ಲ. ಓದುವುದು ತುಂಬಾ ಇದೆ, ಸುಳಿವೆಲ್ಲ ಆ ವಾಕ್ಯಗಳಲ್ಲೇ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ ಚುರುಕು ಹುಡುಗರು ಒಗಟಿಗೆ ಸೋಲದೆ ಇಂಗ್ಲಿಷಿಗೆ ಸೋಲುವುದನ್ನು ನೋಡಿದರೆ ಬೇಜಾರಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ, ಓದುವಾಗ ಮತ್ತು ಮಾತಾಡುವಾಗ ಸಮಯ ನಿಲ್ಲಿಸುವ ಆಯ್ಕೆ ಇದೆ. ಶುರು ಮಾಡುವ ಮೊದಲೇ ಅದನ್ನು ಆನ್ ಮಾಡಿ. ನಿಧಾನವಾಗಿ ಓದಿ, ಗೊತ್ತಿಲ್ಲದ ಪದದ ಅರ್ಥ ನೋಡಿಕೊಂಡು ಮುಂದೆ ಹೋಗಬಹುದು. ಹಾಗೆಯೇ ಹಳ್ಳಿಯಲ್ಲಿ ಪುಟ್ಟ ಮಾದರಿ ನೌಕೆಯೊಂದಿದೆ, ತೂಕವಿಲ್ಲದೆ ತೇಲುವ ಗುಹೆಯೂ ಇದೆ. ಮೊದಲು ಅವೆರಡರಲ್ಲಿ ಕೈ ಪಳಗಿಸಿಕೊಂಡರೆ ಮುಂದಿನ ಸಿಟ್ಟು ಅರ್ಧ ಕಡಿಮೆ.

2021ರ ಸೆಪ್ಟೆಂಬರ್‌ನಲ್ಲಿ ‘ಎಕೋಸ್ ಆಫ್ ದಿ ಐ’ ಎಂಬ ಹೆಚ್ಚುವರಿ ಭಾಗ ಬಂತು. ಅದರಲ್ಲಿ ಕಥೆ ಹೇಳುವುದೆಲ್ಲ ಚಿತ್ರಗಳಿಂದ. ಸ್ಲೈಡ್ ರೀಲು ಹಾಕಿ ಒಂದೊಂದೇ ಚಿತ್ರ ನೋಡುತ್ತಾ ಏನು ನಡೆಯಿತು ಅಂತ ನೀವೇ ಊಹಿಸಬೇಕು. ಓದುವುದು ತೀರಾ ಕಡಿಮೆ, ಆ ಮಟ್ಟಿಗೆ ಭಾಷೆಯ ತೊಡಕು ಇಲ್ಲಿಲ್ಲ. ಚಿತ್ರದಲ್ಲೇ ಇಷ್ಟು ಕಥೆ ಹೇಳಬಹುದಾ ಅಂತ ನನಗೆ ಆಶ್ಚರ್ಯವಾಯಿತು. ಆದರೆ ಕತ್ತಲೆಯಲ್ಲಿ ಬೇರೆಯವರ ಕಣ್ಣಿಗೆ ಬೀಳದೆ ನುಸುಳಬೇಕಾದ ಭಾಗಗಳು ಇದರಲ್ಲಿವೆ. ಮೂಲ ಆಟವನ್ನು ಇಷ್ಟಪಟ್ಟವರಲ್ಲೂ ಹಲವರು ಅಲ್ಲಿ ಬೇಸತ್ತರು. ಉತ್ತರ ಗೊತ್ತಿದ್ದರೂ ಕೈ ಕೇಳದ ಅದೇ ಹಳೇ ತೊಂದರೆ, ಜೊತೆಗೆ ಹೆದರಿಕೆ. ಹೆದರಿಕೆ ತಗ್ಗಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಬೇಕಾದವರು ಸಂಕೋಚವಿಲ್ಲದೆ ಬಳಸಿ. ಎರಡನ್ನೂ ಒಟ್ಟಿಗೆ ಕೊಂಡರೆ ಈ ಭಾಗವನ್ನು ಮೂಲ ಆಟದ ಒಳಗಿನಿಂದಲೇ ಶುರು ಮಾಡಬಹುದು. ಆದರೂ ಮೂಲ ಕಥೆಯ ಬಹುಪಾಲು ಬಿಡಿಸಿಕೊಂಡು ಆಮೇಲೆ ಇದಕ್ಕೆ ಬನ್ನಿ. ನೊಮಾಯ್ ಜನ ಏನನ್ನು ಹುಡುಕುತ್ತಿದ್ದರು ಅಂತ ತಿಳಿದವರಿಗೆ ಇಲ್ಲಿನ ಚಿತ್ರಗಳು ಬೇಗ ಅರ್ಥವಾಗುತ್ತವೆ.